ಗದ್ದೆಯ ಜೇಕು, ತೋಟದ ಜೇಕು: ಗುರುತು ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮದು ದಾವಣಗೆರೆ ಜಿಲ್ಲೆ, ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ. ಒಟ್ಟು ಮೂರು ಎಕರೆ ಗದ್ದೆ. ಅದರಲ್ಲಿ ಒಂದು ಎಕರೆಗೆ ಎರಡು ವರ್ಷದ ಹಿಂದೆ ಕೆರೆಗೋಡು (ಕೆರೆಯ ಹೂಳು ಮಣ್ಣು) ಹೊಡೆಸಿ ಅಡಿಕೆ ಸಸಿ ಇಟ್ಟಿದ್ದೇವೆ. ಉಳಿದ ಎರಡು ಎಕರೆಯಲ್ಲಿ ಆಳು ಸಿಗದ ಕಾರಣ ನಾಟಿ ಬಿಟ್ಟು ಡ್ರಮ್ ಸೀಡರ್‌ನಲ್ಲಿ ಭತ್ತ ಬಿತ್ತುತ್ತಿದ್ದೇವೆ. ಈಗ ಎರಡೂ ಕಡೆ ಜೇಕು ವಿಪರೀತ. ಗದ್ದೆಗೆ ಅಂಗಡಿಯವರು ಕೊಟ್ಟ ಕಳೆನಾಶಕ ಹೊಡೆದೆ. ಹುಲ್ಲೆಲ್ಲ ಒಣಗಿತು, ಜೇಕು ಮಾತ್ರ ಹಾಗೇ ನಿಂತಿದೆ. ತೋಟದಲ್ಲಿ ಮೂರು ಸಲ ಟಿಲ್ಲರ್ ಹೊಡೆಸಿದರೂ ಎಂಟು ದಿನಕ್ಕೆ ಮತ್ತೆ ಹಸಿರು. ನಮ್ಮ ತಂದೆ ಎಲ್ಲವನ್ನೂ ಕೊನ್ನಾರಿ ಅಂತಾರೆ. ಮೊಬೈಲ್ ಆ್ಯಪ್ ಒಂದೇ ಗಿಡಕ್ಕೆ ಮೂರು ಹೆಸರು ತೋರಿಸಿತು. ತಂಗಿಯ ಮಗ ಇದು ಟೈಗರ್ ನಟ್, ಆನ್‌ಲೈನ್‌ನಲ್ಲಿ ಒಳ್ಳೆ ರೇಟಿದೆ ಅಂತಾನೆ. ಗಿಡಗಳ ಆರು ಫೋಟೊ ಕಳಿಸಿದ್ದೇನೆ, ಜೊತೆಗೆ ಔಷಧಿ ಬಾಟಲಿಯದ್ದೂ ಒಂದಿದೆ. ಇವೆಲ್ಲ ಒಂದೇ ಗಿಡವಾ? ಬೇರೆ ಬೇರೆಯಾದರೆ ಗುರುತು ಹಿಡಿಯುವುದು ಹೇಗೆ, ಹೋಗಲಾಡಿಸುವುದು ಹೇಗೆ?

ಉತ್ತರ: ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ಒಂದೊಂದಾಗಿ ನೋಡಿದೆ. ಅವು ಒಂದೇ ಗಿಡವಲ್ಲ. ಐದು ಬೇರೆ ಬೇರೆ ಗಿಡಗಳು ಸ್ಪಷ್ಟವಾಗಿ ಕಾಣುತ್ತವೆ, ಆರನೆಯದು ಮಬ್ಬಾಗಿದೆ, ಅದರ ವಿಷಯ ಕೊನೆಗೆ ಹೇಳುತ್ತೇನೆ. ನಿಮ್ಮ ತಂದೆಯವರು ಹೇಳಿದ ಕೊನ್ನಾರಿ ಆ ಐದರಲ್ಲಿ ಒಂದು. ತೋಟದ ಗಿಡದ ಮಟ್ಟಿಗೆ ಅವರ ಮಾತು ಸರಿ. ಗದ್ದೆಯ ಗಿಡಗಳು ಬೇರೆ.

ಮೊದಲು ಕಳೆನಾಶಕದ ವಿಷಯ, ಏಕೆಂದರೆ ನಿಮ್ಮ ದುಡ್ಡು ಹೋಗಿರುವುದು ಅಲ್ಲಿ. ಬಾಟಲಿಯ ಮೇಲೆ ಸೈಹಾಲೋಫಾಪ್ ಬ್ಯುಟೈಲ್ ಎಂದಿದೆ. ಅದು ಹುಲ್ಲಿನ ಜಾತಿಗೆಂದೇ ಇರುವ ಔಷಧಿ. ಹುಲ್ಲುಗಳಲ್ಲಿ ಕೊಬ್ಬಿನಾಮ್ಲ ತಯಾರಿಸುವ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಜೇಕಿನಲ್ಲಿ ಆ ಕಿಣ್ವ ಈ ಔಷಧಿಗೆ ಬಗ್ಗುವುದಿಲ್ಲ. ಆದ್ದರಿಂದ ಔಷಧಿ ಕಲಬೆರಕೆಯೆಂದೋ ನೀವು ಹೊಡೆದ ಪ್ರಮಾಣ ಸಾಲಲಿಲ್ಲವೆಂದೋ ಯೋಚಿಸಬೇಡಿ. ಸಾವೆ ಜಾತಿಯ ಹುಲ್ಲು ಒಣಗಿದೆ ಎಂದಮೇಲೆ ಅದು ತನ್ನ ಕೆಲಸ ಮಾಡಿದೆ. ಜೇಕು ನೋಡಲು ಹುಲ್ಲಿನಂತಿದ್ದರೂ ಹುಲ್ಲಿನ ಕುಟುಂಬದ್ದಲ್ಲ. ಅದಕ್ಕೆ ತನ್ನದೇ ಕುಟುಂಬವಿದೆ, ಸೈಪೆರೇಸಿ ಎಂದು. ಜಗತ್ತಿನಲ್ಲಿ 5,000ಕ್ಕೂ ಹೆಚ್ಚು ಜಾತಿಗಳಿರುವ ದೊಡ್ಡ ಕುಟುಂಬ ಅದು. ಎರಡು ಮಳೆ ಬಿದ್ದ ಮೇಲೆ ನಿಮ್ಮ ಊರಿನ ಕೆರೆಯಂಗಳದಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದರೆ ಹತ್ತು ಜಾತಿಯಾದರೂ ಸಿಗುತ್ತವೆ.

ಹುಲ್ಲೋ ಜೇಕೋ ಎಂದು ತಿಳಿಯಲು ಕಣ್ಣಿಗಿಂತ ಬೆರಳು ವಾಸಿ. ದಂಟಿನ ನಡುಭಾಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿ. ಹುಲ್ಲಿನ ದಂಟು ಸಲೀಸಾಗಿ ಹೊರಳುತ್ತದೆ, ಅದರಲ್ಲಿ ಅಲ್ಲಲ್ಲಿ ಗೆಣ್ಣು ಸಿಗುತ್ತದೆ, ಗೆಣ್ಣುಗಳ ನಡುವೆ ಬಹುತೇಕ ಟೊಳ್ಳು. ಜೇಕಿನ ದಂಟು ಬೆರಳಿಗೆ ಅಂಚು ಅಂಚಾಗಿ ತಾಗುತ್ತದೆ. ಮೂರು ಮೂಲೆ, ಗೆಣ್ಣಿಲ್ಲ, ಒಳಗೆ ಬೆಂಡಿನಂಥ ತಿರುಳು. ಬುಡದಿಂದ ಹೂವಿನವರೆಗೆ ಒಂದೇ ಕಡ್ಡಿ. ಇನ್ನೊಂದು ಗುರುತು ಎಲೆಯ ಬುಡದಲ್ಲಿದೆ. ಹುಲ್ಲಿನಲ್ಲಿ ದಂಟನ್ನು ಸುತ್ತಿದ ಎಲೆಯ ಕವಚ ಸಾಮಾನ್ಯವಾಗಿ ಒಂದು ಪಕ್ಕ ಸೀಳಿರುತ್ತದೆ, ಪಂಚೆ ಸುತ್ತಿದ ಹಾಗೆ. ಜೇಕಿನಲ್ಲಿ ಅದು ಸೀಳಿಲ್ಲದ ಕೊಳವೆ, ಬಳೆ ತೊಡಿಸಿದ ಹಾಗೆ. ಗಿಡವನ್ನು ನೇರ ಮೇಲಿಂದ ನೋಡಿದರೆ ಹುಲ್ಲಿನ ಎಲೆಗಳು ಎದುರುಬದುರು ಎರಡು ದಿಕ್ಕಿಗೆ ಹೋಗುತ್ತವೆ, ಜೇಕಿನವು ಮೂರು ದಿಕ್ಕಿಗೆ. ಹೂ ಬರುವ ಮೊದಲು, ಸಸಿಗೆ ನಾಲ್ಕೈದು ಎಲೆ ಇರುವಾಗ, ನನಗೆ ಹೆಚ್ಚು ನೆರವಾಗುವುದು ಈ ಮೂರು ದಿಕ್ಕಿನ ಗುರುತೇ. ಅದಕ್ಕೇ ಕಳೆ ನೋಡಲು ಹೋದಾಗ ನಾನು ನಿಂತುಕೊಂಡು ನೋಡುವುದಿಲ್ಲ, ಕೂತು ಗಿಡದ ಮೇಲೆ ಬಗ್ಗಿ ನೋಡುತ್ತೇನೆ.

ಮೂರು ಮೂಲೆಯಿದ್ದರೆ ಜೇಕು, ಇಲ್ಲದಿದ್ದರೆ ಅಲ್ಲ ಎಂಬ ಮಾತು ರೈತರಲ್ಲಿ ಚಾಲ್ತಿಯಲ್ಲಿದೆ. ಅರ್ಧ ಸರಿ. ಜೇಕಿನ ಕುಟುಂಬದಲ್ಲೇ ದುಂಡು ದಂಟಿನವಿವೆ, ಚಪ್ಪಟೆ ದಂಟಿನವಿವೆ. ನಿಮ್ಮ ಫೋಟೊಗಳಲ್ಲೇ ಅಂಥ ಎರಡು ಇವೆ. ಅದೇ ರೀತಿ ಕೆರೆಯಲ್ಲಿ ಆಳೆತ್ತರ ಬೆಳೆದು ಕಂದು ಬಣ್ಣದ ಉದ್ದನೆಯ ತೆನೆ ಬಿಡುವ ಜೊಂಡನ್ನು ಹಲವರು ಜೇಕಿನ ಜೊತೆ ಸೇರಿಸುತ್ತಾರೆ, ಅದು ಬೇರೆಯೇ ಕುಟುಂಬ.

ಇನ್ನು ಜಾತಿಗಳಿಗೆ ಬರೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಸ್ಯಶಾಸ್ತ್ರದವರು ಜೇಕನ್ನು ಹೂವು ಕಾಯಿಯಿಂದ ಗುರುತಿಸುತ್ತಾರೆ, ನಾನೂ ಕೊನೆಗೆ ಅಲ್ಲಿಗೇ ಹೋಗುತ್ತೇನೆ. ಆದರೆ ಬೇಸಾಯಗಾರರು ಶುರು ಮಾಡಬೇಕಾದದ್ದು ನೆಲದ ಒಳಗಿನಿಂದ. ಈ ಗಿಡ ಬಂದದ್ದು ಗಡ್ಡೆಯಿಂದಲೋ ಬೀಜದಿಂದಲೋ? ನೀವು ಮುಂದೆ ಮಾಡುವ ಪ್ರತಿಯೊಂದು ಕೆಲಸವೂ, ಉಳುಮೆ, ನೀರು, ಔಷಧಿ, ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಆ್ಯಪ್‌ಗಳು ಸೋಲುವುದೂ ಇಲ್ಲೇ. ಅವಕ್ಕೆ ಸಿಗುವುದು ಮೇಲಿನ ಹಸಿರಿನ ಚಿತ್ರ ಮಾತ್ರ. ಎಳೆಯ ಜೇಕುಗಳ ಹಸಿರು ಒಂದರಂತೆ ಒಂದು ಇರುತ್ತದೆ, ಆದ್ದರಿಂದಲೇ ನಿಮಗೆ ಮೂರು ಹೆಸರು ಬಂದವು.

ಗಿಡವನ್ನು ಕೈಯಲ್ಲಿ ಕೀಳಿ. ಬುಡದಿಂದ ಗಂಟುಗಂಟಾಗಿ ಬೇರಿನ ಸಮೇತ ಎದ್ದು ಬಂದರೆ, ಬೇರು ಬರಿಯ ಎಳೆಎಳೆಯಾಗಿದ್ದರೆ, ಅದು ಬೀಜದಿಂದ ಬಂದ ಒಂದೇ ಹಂಗಾಮಿನ ಗಿಡ ಎನ್ನಬಹುದು. ನೆಲದೊಳಗೆ ಎಲ್ಲೋ ಬಿಳಿ ಕುತ್ತಿಗೆಯ ಹತ್ತಿರ ಪುಸಕ್ಕನೆ ಕಿತ್ತು ಮೇಲಿನದಷ್ಟೇ ಕೈಗೆ ಬಂದರೆ ಅನುಮಾನಪಡಿ. ಆಗ ಗುದ್ದಲಿ ತಂದು ಗಿಡದಿಂದ ಒಂದು ಗೇಣು ದೂರದಲ್ಲಿ ಇಳಿಸಿ, ಮಣ್ಣುಹೆಂಟೆಯನ್ನು ಇಡಿಯಾಗಿ ಎತ್ತಿ, ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆಯಿರಿ.

ನಿಮ್ಮ ಮೊದಲ ಫೋಟೊ, ತೋಟದ್ದು, ಹೀಗೆ ಅಗೆದರೆ ಏನು ಕಾಣುತ್ತದೆ ಎಂದು ಇಲ್ಲಿಂದಲೇ ಹೇಳಬಲ್ಲೆ. ಎಲೆಗಳ ಬುಡ ಉಬ್ಬಿ ಕಪ್ಪು ಗುಂಡಿಯಂತಾಗಿರುತ್ತದೆ. ಅದರಿಂದ ತಂತಿಯಂಥ ಹಂಬು ಹೊರಟು ಒಂದು ಗಡ್ಡೆಗೆ ಹೋಗುತ್ತದೆ, ಆ ಗಡ್ಡೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ಮಣಿ ಪೋಣಿಸಿದ ಸರದ ಹಾಗೆ. ಗಡ್ಡೆಯ ಸಿಪ್ಪೆ ಕಂದುಗಪ್ಪು, ಒರಟು. ಉಗುರಿನಿಂದ ಗೀರಿದರೆ ಒಳಗೆ ಬಿಳಿ, ಮೂಗಿಗೆ ಹಿಡಿದರೆ ಕರ್ಪೂರದ ನೆನಪು ತರುವ ಘಾಟು ಪರಿಮಳ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಕೊಡುವುದು ಇದೇ ಗಡ್ಡೆ. ಕೊನ್ನಾರಿ, ತುಂಗೆ, ಜೇಕು ಎಂದೆಲ್ಲ ಊರಿಗೊಂದು ಹೆಸರು, ಶಾಸ್ತ್ರದ ಹೆಸರು ಸೈಪೆರಸ್ ರೊಟಂಡಸ್. ಮೇಲೆ ಎಲೆ ಕಡುಹಸಿರು, ಹೊಳಪು, ನಡುವೆ ಕಾಲುವೆಯಂತೆ ಮಡಿಚಿರುತ್ತದೆ. ಹೂಗೊಂಚಲು ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡು, ಪ್ರತಿ ಕಡ್ಡಿಯ ತುದಿಯಲ್ಲಿ ತೆಳ್ಳನೆಯ ಕೆಂಗಂದು ಕಿರುತೆನೆಗಳು ಬೆರಳು ಚಾಚಿದಂತೆ ಇರುತ್ತವೆ. ಆ ಕೆಂಗಂದು ಬಣ್ಣವನ್ನು ನೆನಪಿಡಿ, ಟೈಗರ್ ನಟ್ ಮಾತು ಬಂದಾಗ ಬೇಕಾಗುತ್ತದೆ.

1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಕಳೆಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಮೂರು ಸಲ ಟಿಲ್ಲರ್ ಹೊಡೆಸಿಯೂ ಹೋಗಲಿಲ್ಲ ಎಂದರೆ ಅದು ನಿಮ್ಮ ಬೇಸಾಯದ ಸೋಲಲ್ಲ.

ಟಿಲ್ಲರ್ ಯಾಕೆ ತಿರುಗುಬಾಣವಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗಡ್ಡೆಗಳ ಸರದಲ್ಲಿ ಒಂದು ಯಜಮಾನಿಕೆ ಇದೆ. ತುದಿಯ ಗಡ್ಡೆ ಚಿಗುರುತ್ತಿರುವಾಗ ಹಿಂದಿನವು ಸುಮ್ಮನೆ ಮಲಗಿರುತ್ತವೆ. ಸರ ತುಂಡಾದ ಕೂಡಲೇ ಆ ಅಂಕೆ ತಪ್ಪುತ್ತದೆ, ಮಲಗಿದ್ದ ಒಂದೊಂದು ಗಡ್ಡೆಯೂ ತಾನೇ ಗಿಡವಾಗಲು ಏಳುತ್ತದೆ. ಗಡ್ಡೆಗಳಲ್ಲಿ ಬಹುಪಾಲು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ, ಟಿಲ್ಲರಿನ ಕತ್ತಿ ಓಡುವುದೂ ಅಷ್ಟೇ ಆಳದಲ್ಲಿ. ಮಣ್ಣು ಹಸಿಯಾಗಿದ್ದಾಗ ಒಮ್ಮೆ ಹೊಡೆಸಿ ಸುಮ್ಮನಾದರೆ ಸರ ಕಡಿದು ತೋಟದ ತುಂಬ ಹರಡಿ ನಾಟಿ ಮಾಡಿದ ಹಾಗೆಯೇ. ಹಿಂದೊಮ್ಮೆ ಒಂದು ತೆಂಗಿನ ತೋಟಕ್ಕೆ ಹೋಗಿದ್ದೆ. ಪಂಪ್‌ಹೌಸ್ ಪಕ್ಕ ಒಂದು ಚಾಪೆಯಷ್ಟು ಜಾಗದಲ್ಲಿದ್ದ ಕೊನ್ನಾರಿ, ಮರುವರ್ಷ ಟ್ರಾಕ್ಟರ್ ಹೋದ ಸಾಲಿನಲ್ಲೇ ಉದ್ದಕ್ಕೆ ಎದ್ದು ನಿಂತಿತ್ತು. ಗಾಡಿ ಎಲ್ಲಿ ತಿರುಗಿತ್ತು ಎಂಬುದನ್ನೂ ಕಳೆಯ ಗೆರೆ ನೋಡಿಯೇ ಹೇಳಬಹುದಿತ್ತು. ಆ ರೈತರು ತಿಂಗಳಿಗೊಮ್ಮೆ ತಪ್ಪದೆ ರೋಟವೇಟರ್ ಹೊಡೆಸುತ್ತಿದ್ದವರು. ಇಷ್ಟು ಕಷ್ಟಪಟ್ಟು ಕಳೆಯನ್ನೇ ಬೆಳೆಸಿದೆನಲ್ಲ ಎಂದು ಅವರು ನೊಂದುಕೊಂಡದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಇದು ನಿಮ್ಮ ತೋಟಕ್ಕೆ ಬಂದದ್ದೆಲ್ಲಿಂದ? ಕೊಟ್ಟಿಗೆ ಗೊಬ್ಬರದಿಂದ ಎಂದು ಸಾಮಾನ್ಯವಾಗಿ ದೂರುತ್ತಾರೆ. ಗೊಬ್ಬರದಲ್ಲಿ ಬರುವುದು ಬೀಜದ ಕಳೆಗಳು. ಕೊನ್ನಾರಿ ಹೂ ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದು ಬಲು ಕಡಿಮೆ, ಅದರ ಪ್ರಯಾಣವೆಲ್ಲ ಗಡ್ಡೆಯ ಮೂಲಕ. ಹಾಗಾಗಿ ನನ್ನ ಮೊದಲ ಅನುಮಾನ ನೀವು ಹೊಡೆಸಿದ ಕೆರೆಗೋಡಿನ ಮೇಲೆ, ಎರಡನೆಯದು ಸಸಿ ಚೀಲದ ಮಣ್ಣಿನ ಮೇಲೆ. ಇನ್ನೊಂದು ಕಾರಣವೂ ಇದೆ. ಭತ್ತದ ಗದ್ದೆಯಾಗಿದ್ದಾಗ ಕೆಸರು ಮತ್ತು ನಿಂತ ನೀರಿನಲ್ಲಿ ಕೊನ್ನಾರಿಗೆ ಉಸಿರಾಡಲು ಕಷ್ಟವಿತ್ತು, ಅದು ಬದುವಿನ ಮೇಲಷ್ಟೇ ಇದ್ದಿರಬೇಕು. ಗದ್ದೆಯನ್ನು ತೋಟ ಮಾಡಿ ನೀರು ಬಸಿದುಹೋಗುವಂತೆ ಮಾಡಿದಿರಿ, ಅದಕ್ಕೆ ಬಾಗಿಲು ತೆರೆಯಿತು. ಎರಡು ವರ್ಷದ ಅಡಿಕೆ ಸಾಲುಗಳ ನಡುವೆ ಬಿಸಿಲಿಗೂ ಬರವಿಲ್ಲ. ಈ ಗಿಡಕ್ಕೆ ಬೇಕಾದದ್ದು ಬಿಸಿಲೇ.

ಗದ್ದೆಯ ಮೂರು ಫೋಟೊಗಳು ಬೇರೆ ಕಥೆ. ಮೂರೂ ಬೀಜದಿಂದ ಬರುವ ಒಂದೇ ಹಂಗಾಮಿನ ಗಿಡಗಳು, ಯಾವುದರಲ್ಲೂ ಗಡ್ಡೆ ಇರುವುದಿಲ್ಲ. ಕಿತ್ತು ನೋಡಿ ಖಚಿತ ಮಾಡಿಕೊಳ್ಳಿ.

ಎರಡನೇ ಫೋಟೊದಲ್ಲಿ ಬಂಗಾರ ಬಣ್ಣಕ್ಕೆ ತಿರುಗಿದ, ಸಡಿಲವಾಗಿ ಹರಡಿಕೊಂಡ ಗೊಂಚಲು ಇದೆಯಲ್ಲ, ಅದು ಸೈಪೆರಸ್ ಇರಿಯಾ. ದಂಟಿನ ಮೂರು ಅಂಚು ಕೈಗೆ ಚೆನ್ನಾಗಿ ಸಿಗುತ್ತವೆ. ಬೇರು ತೊಳೆದರೆ ಹಳದಿ ಮಿಶ್ರಿತ ಕೆಂಪು. ಹೂಗೊಂಚಲಿನ ಬುಡದಲ್ಲಿ ಎಲೆಯಂಥವು ಹೊರಡುತ್ತವೆ, ಅದರಲ್ಲಿ ಉದ್ದದ್ದು ಗೊಂಚಲನ್ನು ಮೀರಿ ಚಾಚಿರುತ್ತದೆ. ದೂರದಿಂದ ಇದನ್ನೂ ಕೊನ್ನಾರಿ ಎನ್ನಿಸುವುದು ಸಹಜ. ಬಣ್ಣ ನೋಡಿ: ಕೊನ್ನಾರಿಯದು ಕೆಂಗಂದು, ಇದರದು ಹೊಂಬಣ್ಣ.

ಮೂರನೆಯದರಲ್ಲಿ ಹೂವುಗಳು ಬಿಡಿಬಿಡಿಯಾಗಿಲ್ಲ, ಒತ್ತೊತ್ತಾಗಿ ಸೇರಿ ಕಡಲೆಕಾಳಿನಷ್ಟು ಗಾತ್ರದ ಉಂಡೆಗಳಾಗಿವೆ. ಇದು ಸೈಪೆರಸ್ ಡಿಫಾರ್ಮಿಸ್. ದಂಟಿಗೆ ಮೂರು ಮೂಲೆ ಇದ್ದರೂ ಮೆತ್ತಗೆ, ಒತ್ತಿದರೆ ಅಪ್ಪಚ್ಚಿಯಾಗುತ್ತದೆ. ಮೂರರಲ್ಲಿ ನನಗೆ ಹೆಚ್ಚು ಆತಂಕ ತರುವುದು ಇದೇ, ಏಕೆಂದರೆ ಅದಕ್ಕೆ ಆತುರ ಜಾಸ್ತಿ. ಮೊಳೆತು ಐದಾರು ವಾರ ಕಳೆಯುವುದರೊಳಗೆ ಬೀಜ ಉದುರಿಸಲು ಸಿದ್ಧವಾಗಬಲ್ಲದು. ಬೀಜ ಧೂಳಿನಷ್ಟು ಸಣ್ಣದು, ನೀರಿನ ಜೊತೆ ಗದ್ದೆಯಿಂದ ಗದ್ದೆಗೆ ಹೋಗುತ್ತದೆ. ನೀರು ನಿಂತಿದ್ದರೂ ಉಳಿದೆರಡರಷ್ಟು ಸೊರಗುವುದಿಲ್ಲ.

ನಾಲ್ಕನೆಯದನ್ನು ನೀವು ಎಳೆ ಹುಲ್ಲು ಎಂದು ಬರೆದಿದ್ದೀರಿ. ಬುಡ ನೋಡಿ. ಎಲೆಗಳೆಲ್ಲ ಒಂದೇ ಸಮತಲದಲ್ಲಿ ಬೀಸಣಿಗೆ ಬಿಚ್ಚಿದಂತೆ ಚಪ್ಪಟೆಯಾಗಿ ಜೋಡಿಸಿಕೊಂಡಿವೆ. ಇದು ಫಿಂಬ್ರಿಸ್ಟೈಲಿಸ್ ಮಿಲಿಯೇಸಿಯಾ (ಹೊಸ ಪುಸ್ತಕಗಳಲ್ಲಿ ಹೆಸರು ಬದಲಾಗಿದೆ, ಗಿಡ ಅದೇ). ಮೂರು ದಿಕ್ಕಿನ ಎಲೆ ಎಂದು ನಾನು ಮೇಲೆ ಹೇಳಿದ ನಿಯಮವನ್ನು ಮುರಿಯುವ ಜೇಕು ಇದು, ದಂಟೂ ಚಪ್ಪಟೆಯಾಗಿ ನಾಲ್ಕೈದು ಅಂಚಿನದು. ಹೂ ಬಂದಮೇಲೆ ತಪ್ಪುವ ಪ್ರಶ್ನೆಯೇ ಇಲ್ಲ: ಕೂದಲೆಳೆಯಂಥ ಕವಲುಗಳ ತುದಿಯಲ್ಲಿ ಒಂದೊಂದು ಕಂದು ಗುಂಡು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಗೊಂಚಲಿನ ಕೆಳಗಿನ ಎಲೆಗಳು ಗಿಡ್ಡ, ಗೊಂಚಲನ್ನು ಮೀರುವುದಿಲ್ಲ. ಭೂತಗನ್ನಡಿ ಇದ್ದರೆ ಇನ್ನೊಂದು ಸೂಕ್ಷ್ಮ ನೋಡಬಹುದು. ಸೈಪೆರಸ್‌ನ ಕಿರುತೆನೆಯಲ್ಲಿ ಹೊಟ್ಟಿನಂಥ ಹೊದಿಕೆಗಳು ಎರಡು ಸಾಲಾಗಿ, ಜಡೆ ಹೆಣೆದಂತೆ ಕೂತಿರುತ್ತವೆ, ಹಾಗಾಗಿ ಕಿರುತೆನೆ ಚಪ್ಪಟೆ. ಫಿಂಬ್ರಿಸ್ಟೈಲಿಸ್‌ನಲ್ಲಿ ಅವು ಸುರುಳಿಯಾಗಿ ಸುತ್ತಲೂ ಜೋಡಿಸಿರುತ್ತವೆ, ಹಾಗಾಗಿ ಗುಂಡು. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಪುಟ್ಟ ಮಸೂರ ಜೇಬಿನಲ್ಲಿದ್ದರೆ ಈ ಕುಟುಂಬದ ಅರ್ಧ ಗೊಂದಲ ಗದ್ದೆಯ ಬದುವಿನ ಮೇಲೆಯೇ ಬಗೆಹರಿಯುತ್ತದೆ.

ಐದನೇ ಫೋಟೊ ಕಾಲುವೆ ಪಕ್ಕದ್ದು. ಎಲೆಯೇ ಇಲ್ಲ, ಬರೀ ದುಂಡು ಹಸಿರು ಕಡ್ಡಿಗಳು, ಹೂವು ಕಡ್ಡಿಯ ಪಕ್ಕದಿಂದ ಹುಟ್ಟಿದಂತಿದೆ. ಹೂವು ಇರುವುದು ನಿಜಕ್ಕೂ ಕಡ್ಡಿಯ ತುದಿಯಲ್ಲೇ, ಅದರ ಕೆಳಗಿನ ಎಲೆ ಕಡ್ಡಿಯ ಮುಂದುವರಿಕೆಯಂತೆ ನೆಟ್ಟಗೆ ನಿಲ್ಲುವುದರಿಂದ ಕಣ್ಣಿಗೆ ಹಾಗೆ ಕಾಣುತ್ತದೆ. ಸ್ಕೀನೋಪ್ಲೆಕ್ಟಸ್ ಗುಂಪಿನದು. ಸದ್ಯ ಅದು ಕಾಲುವೆ ಬಿಟ್ಟು ಗದ್ದೆಗೆ ಇಳಿದಿಲ್ಲ. ಇಳಿಯುವವರೆಗೆ ಅದರ ತಂಟೆಗೆ ಹೋಗಬೇಡಿ.

ಗದ್ದೆಯಲ್ಲಿ ಇವು ಇಷ್ಟೊಂದು ಹೆಚ್ಚಿದ್ದೇಕೆ ಎಂಬುದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಾಟಿ ಮಾಡುವಾಗ ಪೈರಿಗೆ ಮೂರು ವಾರದ ವಯಸ್ಸು, ಕಳೆಗೆ ಸೊನ್ನೆ, ಜೊತೆಗೆ ಮೊದಲ ದಿನದಿಂದ ನೀರು. ಡ್ರಮ್ ಸೀಡರ್‌ನಲ್ಲಿ ಭತ್ತವೂ ಕಳೆಯೂ ಒಟ್ಟಿಗೆ ಮೊಳೆಯುತ್ತವೆ, ಮೊದಲ ದಿನಗಳಲ್ಲಿ ನೀರು ನಿಲ್ಲಿಸುವಂತಿಲ್ಲ. ಒದ್ದೆ ಮಣ್ಣು, ಮೇಲೆ ಬಿಸಿಲು, ಜೇಕಿನ ಬೀಜಕ್ಕೆ ಇನ್ನೇನು ಬೇಕು. ಹಾಗೆಂದು ನಾಟಿಗೇ ಮರಳಿ ಎಂದು ನಾನು ಹೇಳುವುದಿಲ್ಲ, ಆಳಿನ ಕಷ್ಟ ನನಗೆ ಗೊತ್ತು.

ಗದ್ದೆಗೆ ನಾನು ಮೊದಲು ಹೇಳುವುದು ಬಿತ್ತನೆಗೆ ಮುಂಚಿನ ಒಂದು ಉಪಾಯ. ಗದ್ದೆ ಹದ ಮಾಡಿ, ನೀರು ಹಾಯಿಸಿ, ಎರಡು ವಾರ ಕಳೆ ಮೊಳೆಯಲು ಬಿಡಿ. ಆಮೇಲೆ ಮೇಲ್ಮಣ್ಣಷ್ಟನ್ನೇ ಕಲಕಿ ಅವನ್ನು ಮುಗಿಸಿ, ಆಮೇಲೆ ಬಿತ್ತಿ. ಆಳವಾಗಿ ಉತ್ತರೆ ಕೆಳಗಿನ ಹೊಸ ಬೀಜ ಮೇಲೆ ಬರುತ್ತದೆ, ಆದ್ದರಿಂದ ತೆಳುವಾಗಿಯೇ ಮಾಡಬೇಕು. ಇದರ ಕಷ್ಟವೆಂದರೆ ನಾಲೆ ನೀರು. ಅಚ್ಚುಕಟ್ಟಿನ ಕೊನೆ ಭಾಗದವರಿಗೆ ನೀರು ತಡವಾಗಿ ಬರುತ್ತದೆ, ಎರಡು ವಾರ ಕಾಯುವುದು ಹಂಗಾಮನ್ನೇ ಹಿಂದೆ ತಳ್ಳಬಹುದು. ಮುಂಗಾರು ಪೂರ್ವ ಮಳೆ ಚೆನ್ನಾಗಿ ಬಿದ್ದ ವರ್ಷ ಅದರಲ್ಲೇ ಈ ಕೆಲಸ ಮಾಡಿಕೊಳ್ಳಿ. ಪೈರು ಹಿಡಿದುಕೊಂಡ ಮೇಲೆ ಎರಡು ಮೂರು ಬೆರಳು ನೀರು ಸತತವಾಗಿ ನಿಲ್ಲಿಸಿದರೆ ಇರಿಯಾ, ಫಿಂಬ್ರಿಸ್ಟೈಲಿಸ್ ಹೊಸದಾಗಿ ಮೊಳೆಯುವುದು ಬಹಳಷ್ಟು ತಗ್ಗುತ್ತದೆ. ಡ್ರಮ್ ಸೀಡರ್ ಸಾಲಿನಲ್ಲಿ ಬಿತ್ತುವುದರಿಂದ ಕೋನೊವೀಡರ್ (ಸಾಲಿನ ನಡುವೆ ಕೈಯಲ್ಲಿ ತಳ್ಳುವ ಕಳೆ ಯಂತ್ರ) ಓಡಿಸಲು ಜಾಗವಿದೆ, ಆ ಅನುಕೂಲ ಬಿಡಬೇಡಿ. ಉಂಡೆ ಹೂವಿನದು ಸಾಲಿನೊಳಗೆ ಉಳಿದಿದ್ದರೆ ಹೂ ಕಂದಾಗುವ ಮೊದಲೇ ಕೈಯಲ್ಲಿ ಕೀಳಿಸಿ.

ಔಷಧಿಯೇ ಬೇಕೆಂದರೆ ಜೇಕಿಗೆ ಕೆಲಸ ಮಾಡುವುದನ್ನು ಕೇಳಿ. ಮೊಳೆಯುವ ಮುಂಚೆಗೆ ಪೈರಜೋಸಲ್ಫ್ಯೂರಾನ್, ಎಳೆ ಗಿಡಕ್ಕೆ ಬಿಸ್ಪೈರಿಬ್ಯಾಕ್ ಸೋಡಿಯಂ, ಎಥಾಕ್ಸಿಸಲ್ಫ್ಯೂರಾನ್ ಅಥವಾ 2,4-ಡಿ ಬಳಕೆಯಲ್ಲಿವೆ. ಪ್ರಮಾಣ ಮತ್ತು ದಿನವನ್ನು ಲೇಬಲ್ ನೋಡಿ, ಬಿತ್ತಿದ ಭತ್ತಕ್ಕೂ ನಾಟಿ ಭತ್ತಕ್ಕೂ ವ್ಯತ್ಯಾಸವಿದೆ. ಕಳೆಗೆ ಎರಡರಿಂದ ನಾಲ್ಕು ಎಲೆ ಇರುವಾಗ ಹೊಡೆದದ್ದಕ್ಕೂ ಹೂ ಬಂದಮೇಲೆ ಹೊಡೆದದ್ದಕ್ಕೂ ಅಜಗಜಾಂತರ. ಈಗ ನಿಮ್ಮ ಗದ್ದೆಯಲ್ಲಿ ಹೂ ಬಂದಿದೆ, ಈ ಬೆಳೆಗೆ ಇನ್ನು ಔಷಧಿ ಹೊಡೆದು ಪ್ರಯೋಜನವಿಲ್ಲ. 2,4-ಡಿ ಗಾಳಿಯಲ್ಲಿ ತೇಲಿ ಪಕ್ಕದ ತರಕಾರಿ, ಹತ್ತಿಯನ್ನು ಸುಡಬಲ್ಲದು. ವರ್ಷವರ್ಷವೂ ಒಂದೇ ಔಷಧಿಗೆ ಅಂಟಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಭತ್ತದ ಗದ್ದೆಗಳಲ್ಲಿ ಬೆನ್‌ಸಲ್ಫ್ಯೂರಾನ್ ಒಂದನ್ನೇ ಮತ್ತೆ ಮತ್ತೆ ಹೊಡೆದು, 1990ರ ದಶಕದಲ್ಲೇ ಅದಕ್ಕೆ ಜಗ್ಗದ ಡಿಫಾರ್ಮಿಸ್ ಹುಟ್ಟಿಕೊಂಡಿತು. ಪೈರಜೋಸಲ್ಫ್ಯೂರಾನ್, ಎಥಾಕ್ಸಿಸಲ್ಫ್ಯೂರಾನ್ ಅದೇ ವರ್ಗದವು, ಬಿಸ್ಪೈರಿಬ್ಯಾಕ್ ಕೂಡ ಗಿಡದಲ್ಲಿ ಅದೇ ಜಾಗಕ್ಕೆ ಪೆಟ್ಟು ಕೊಡುವುದು. ಬಾಟಲಿಯ ಬಣ್ಣ ಬದಲಾದರೆ ಔಷಧಿ ಬದಲಾದಂತಲ್ಲ.

ತೋಟಕ್ಕೆ ಸುಲಭದ ದಾರಿ ಯಾವುದೂ ಇಲ್ಲ, ಇದನ್ನು ಮುಚ್ಚಿಟ್ಟು ಹೇಳಲಾರೆ. ಎರಡು ಮೂರು ವರ್ಷದ ಕೆಲಸ. ಆದರೆ ಲೆಕ್ಕ ಗೊತ್ತಿದ್ದರೆ ಆಗುವ ಕೆಲಸ. ಗಡ್ಡೆಯಿಂದ ಚಿಗುರು ಮೇಲೆ ಬಂದಾಗ ಅದು ಗಡ್ಡೆಯ ಗಂಟು ಖರ್ಚು ಮಾಡುತ್ತಿರುತ್ತದೆ. ಸುಮಾರು ಮೂರು ನಾಲ್ಕು ವಾರ ಕಳೆದಮೇಲೆ ಎಲೆ ದುಡಿದದ್ದನ್ನು ಹೊಸ ಗಡ್ಡೆಗೆ ಕಟ್ಟಲು ಶುರುಮಾಡುತ್ತದೆ. ಮೂರು ವಾರ ತುಂಬುವ ಮೊದಲೇ ಪ್ರತಿ ಸಲವೂ ಚಿಗುರು ತೆಗೆದರೆ ಗಡ್ಡೆ ಖರ್ಚಿನಲ್ಲೇ ಸೊರಗುತ್ತದೆ. ನೀವು ಮೂರು ಸಲ ಟಿಲ್ಲರ್ ಹೊಡೆಸಿದ್ದೀರಿ, ಎಷ್ಟು ದಿನದ ಅಂತರದಲ್ಲಿ ಎಂದು ಬರೆದಿಲ್ಲ. ತಿಂಗಳಿಗೂ ಹೆಚ್ಚು ಅಂತರವಿದ್ದರೆ ಪ್ರತಿ ಸಲವೂ ಅದಕ್ಕೆ ಗಳಿಸಲು ಸಮಯ ಕೊಟ್ಟಿದ್ದೀರಿ. ಮಳೆಗಾಲದಲ್ಲಿ ಟಿಲ್ಲರ್ ಬೇಡವೇ ಬೇಡ, ಕುಡುಗೋಲಿನಲ್ಲಿ ನೆಲಮಟ್ಟಕ್ಕೆ ಕೊಯ್ಯಿಸಿ ಅಥವಾ ಮೇಲೆ ಮೇಲೆ ಹೆರೆಸಿ.

ಬೇಸಿಗೆಯಲ್ಲಿ ಮಾತ್ರ ಮಣ್ಣು ತಿರುವುವುದಕ್ಕೆ ಅರ್ಥವಿದೆ. ಗಡ್ಡೆಗೆ ನೀರಿಲ್ಲದಿದ್ದರೆ ಬದುಕಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮಣ್ಣು ಒಣಗಿರುವಾಗ ಅಗೆದು ಗಡ್ಡೆ ಮೇಲೆ ಬೀಳುವಂತೆ ಮಾಡಿ, ವಾರ ಹತ್ತು ದಿನ ಒಣಗಲು ಬಿಟ್ಟರೆ ಮೇಲೆ ಬಿದ್ದವು ಸಾಯುತ್ತವೆ. ನಿಮ್ಮಲ್ಲಿ ತೊಡಕೆಂದರೆ ಅದೇ ಹೊತ್ತಿನಲ್ಲಿ ಅಡಿಕೆಗೆ ನೀರು ಬೇಕು, ಮತ್ತು ಅಡಿಕೆ ಬೇರು ಮೇಲ್ಮಟ್ಟದಲ್ಲೇ ಓಡುತ್ತದೆ. ಆದ್ದರಿಂದ ಸಸಿಯ ಸುತ್ತ ಎರಡೂವರೆ ಮೂರು ಅಡಿ ಬಿಟ್ಟು ಸಾಲಿನ ನಡುವೆ ಮಾತ್ರ ಮಾಡಿ, ನೀರು ಡ್ರಿಪ್‌ನಲ್ಲಿ ಬುಡಕ್ಕಷ್ಟೇ ಹೋಗಲಿ. ಸಸಿಯ ಬುಡದ್ದನ್ನು ಕೈಯಲ್ಲಿ ಅಗೆದು, ಸರದ ಸಮೇತ ಎತ್ತಿ, ತೋಟದ ಹೊರಗೆ ಒಣಗಿಸಿ ಸುಡಿ. ಗೊಬ್ಬರಗುಂಡಿಗೆ ಹಾಕಬೇಡಿ.

ಸೋಗೆ, ಹುಲ್ಲಿನ ಮುಚ್ಚಿಗೆ ಮಣ್ಣಿಗೆ ಒಳ್ಳೆಯದು, ಹಾಕಿ. ಆದರೆ ಅದು ಕೊನ್ನಾರಿಯನ್ನು ತಡೆಯುತ್ತದೆಂದು ನಂಬಬೇಡಿ. ಸೂಜಿಯಂಥ ಅದರ ಮೊಳಕೆ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿ ಏಳುವುದನ್ನು ನೋಡಿದ್ದೇನೆ. ಅದನ್ನು ನಿಜಕ್ಕೂ ಸೋಲಿಸುವುದು ನೆರಳು. ಅಡಿಕೆ ಸಾಲುಗಳ ನಡುವೆ ಬಾಳೆ ಹಾಕಿ, ಬಾಳೆಯ ನಡುವೆ ಮಳೆಗಾಲದಲ್ಲಿ ಅಲಸಂದೆಯಂಥ ಹಬ್ಬುವ ಬೆಳೆಯನ್ನು ಒತ್ತಾಗಿ ಬಿತ್ತಿ. ಬಿತ್ತುವ ಮುನ್ನ ಒಮ್ಮೆ ಕೊನ್ನಾರಿಯನ್ನು ನೆಲಮಟ್ಟಕ್ಕೆ ತೆಗೆದು, ಅಲಸಂದೆ ಮೊದಲು ಮೇಲೇಳುವಂತೆ ನೋಡಿಕೊಳ್ಳಿ. ಅಡಿಕೆಯ ಚಪ್ಪರ ಕೂಡಿಕೊಳ್ಳುವ ಹೊತ್ತಿಗೆ ಈ ಕಳೆ ತಾನಾಗಿ ಹಿಂದೆ ಸರಿಯುತ್ತದೆ. ಅಲ್ಲಿಯವರೆಗಿನ ವರ್ಷಗಳನ್ನು ನೀವು ದಾಟಿಸಬೇಕು. ನನಗೆ ಕೇಳಿದರೆ ನಿಮ್ಮ ತೋಟಕ್ಕೆ ಔಷಧಿಗಿಂತ ಇದೇ ದಾರಿ.

ಗ್ಲೈಫೋಸೇಟ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಎಲೆಯಿಂದ ಗಡ್ಡೆಗೆ ಇಳಿಯುವ ಔಷಧಿ ಹೌದು, ಚಿಗುರಿದ ಗಡ್ಡೆಯನ್ನು ಕೊಲ್ಲುತ್ತದೆ, ಮಲಗಿರುವ ಗಡ್ಡೆಗೆ ತಲುಪುವುದಿಲ್ಲ. ಎರಡು ವರ್ಷದ ಅಡಿಕೆಯ ಕಾಂಡ ಇನ್ನೂ ಹಸಿರು, ಹನಿ ತಾಗಿದರೆ ಸಸಿಗೇ ಕುತ್ತು. ಅಲ್ಲದೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿದೆ. ಪ್ಯಾರಾಕ್ವಾಟ್ ಎಲೆ ಸುಡುತ್ತದೆ ಅಷ್ಟೇ, ಮನುಷ್ಯರ ಹೊಟ್ಟೆಗೆ ಹೋದರೆ ಉಳಿಸಿಕೊಳ್ಳುವುದು ಬಹಳ ಕಷ್ಟ, ಮನೆಯಲ್ಲಿ ಇಡಲೇಬೇಡಿ. ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಕಬ್ಬು, ಮೆಕ್ಕೆಜೋಳದಲ್ಲಿ ಕೊನ್ನಾರಿಗೆಂದೇ ಬಂದಿರುವ ಔಷಧಿ, ಒಳ್ಳೆಯ ಕೆಲಸವನ್ನೂ ಮಾಡುತ್ತದೆ. ಆದರೆ ಕೊಳ್ಳುವ ಡಬ್ಬಿಯ ಲೇಬಲ್ಲಿನಲ್ಲಿ ಅಡಿಕೆಯ ಹೆಸರಿಲ್ಲದಿದ್ದರೆ ತೋಟಕ್ಕೆ ಹೊಡೆಯಬೇಡಿ. ಉಪ್ಪು ಸುರಿಯಿರಿ ಎಂಬ ಸಲಹೆ ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ, ಕೊನ್ನಾರಿಗಿಂತ ಮೊದಲು ಮಣ್ಣು ಕೆಡುತ್ತದೆ.

ಟೈಗರ್ ನಟ್ ವಿಷಯ. ಅಳಿಯನ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಅದೂ ಸೈಪೆರಸ್ ಕುಲದ್ದೇ, ಹತ್ತಿರದ ನೆಂಟ. ಹೆಸರು ಸೈಪೆರಸ್ ಎಸ್ಕ್ಯುಲೆಂಟಸ್. ಸ್ಪೇನಿನ ವೆಲೆನ್ಸಿಯಾ ಕಡೆ ಅದರ ಗಡ್ಡೆ ಅರೆದು ಹಾಲು ತೆಗೆದು ಓರ್ಚಾಟ ಎಂಬ ಪಾನೀಯ ಮಾಡುತ್ತಾರೆ. ನಿಮ್ಮದು ಅದಲ್ಲ. ಅದರಲ್ಲಿ ಗಡ್ಡೆಗಳು ಸರವಾಗಿ ಇರುವುದಿಲ್ಲ, ಒಂದೊಂದು ಹಂಬಿನ ತುದಿಯಲ್ಲಿ ಒಂದೊಂದು ಒಂಟಿ ಗಡ್ಡೆ. ಹೂವು ಕೆಂಗಂದಲ್ಲ, ಹುಲ್ಲುಹಳದಿ. ಎಲೆ ತಿಳಿಹಸಿರು, ತುದಿ ಬರಬರುತ್ತಾ ಸೂಜಿಯಾಗುತ್ತದೆ. ಕೊನ್ನಾರಿಯ ಎಲೆ ತುದಿಯ ಹತ್ತಿರ ಬಂದು ಥಟ್ಟನೆ ಚೂಪಾಗುತ್ತದೆ. ಟೈಗರ್ ನಟ್ ಸಿಹಿ, ಕೊನ್ನಾರಿ ಕಹಿ. ಆದರೆ ಕಳೆನಾಶಕ ಬಿದ್ದ ಜಮೀನಿನ ಗಡ್ಡೆಯನ್ನು ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುವುದು ಬೇಡ, ಅದೇ ಕಾರಣಕ್ಕೆ ಭದ್ರಮುಷ್ಟಿ ಎಂದು ಮಾರುವುದೂ ಬೇಡ. ಆ ಹುಡುಗ ಟೈಗರ್ ನಟ್ ಬೀಜದ ಗಡ್ಡೆ ತರಿಸಿ ತೋಟದಲ್ಲಿ ಹಾಕೋಣ ಎಂದರೆ ಒಪ್ಪಬೇಡಿ. ಅದರ ಕಾಡು ಬಳಗ ಹೊರದೇಶಗಳಲ್ಲಿ ಕೊನ್ನಾರಿಯಷ್ಟೇ ಕಾಟ ಕೊಡುವ ಕಳೆ.

ಆರನೇ ಫೋಟೊದ್ದು ಬದುವಿನ ಮೇಲಿನ ಗಿಡ, ಅಲ್ಲವೇ? ಮೂರು ಎಲೆಯ ನಡುವೆ ಒಂದೇ ಒಂದು ಗುಂಡು ಹೂವು ಇರುವಂತೆ ತೋರುತ್ತದೆ. ಹಾಗಿದ್ದರೆ ಅದು ಕೈಲಿಂಗ ಗುಂಪಿನದು. ಗುಂಡು ಬಿಳಿಯೋ ಹಸಿರೋ ಎಂಬುದರ ಮೇಲೆ ಜಾತಿ ನಿರ್ಧಾರವಾಗುತ್ತದೆ, ಫೋಟೊದಲ್ಲಿ ಬಣ್ಣ ತಿಳಿಯುತ್ತಿಲ್ಲ. ಕಾಯಿ ಬಲಿತ ಒಂದು ಗಿಡವನ್ನು ಬುಡದ ಹಂಬಿನ ಸಮೇತ ಅಗೆದು, ಮಣ್ಣು ತೊಳೆದು, ಎರಡು ದಿನಪತ್ರಿಕೆಗಳ ನಡುವೆ ಹರವಿ ಮೇಲೆ ಭಾರ ಇಡಿ. ಪತ್ರಿಕೆಯನ್ನು ದಿನಕ್ಕೊಮ್ಮೆ ಬದಲಿಸಿ, ವಾರದಲ್ಲಿ ಒಣಗುತ್ತದೆ. ಹಸಿಯಾಗಿದ್ದಾಗಲೇ ಹೂವಿನ ಬಣ್ಣ, ಬೆರಳಲ್ಲಿ ಉಜ್ಜಿದಾಗ ಬಂದ ವಾಸನೆ, ಸಿಕ್ಕಿದ ಜಾಗ, ತಾರೀಖು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅದನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಬಹುದು, ನನಗೆ ಕಳಿಸಿದರೂ ಸರಿ. ತೋಟದ ಕೊನ್ನಾರಿಯದ್ದೂ ಒಂದು ಸರ, ಕಡಿಯದಂತೆ ಇಡಿಯಾಗಿ, ಅದೇ ಪೊಟ್ಟಣದಲ್ಲಿ ಇಟ್ಟು ಕಳಿಸಿ. ತಂದೆಯವರಿಗೂ ತೋರಿಸಿ.